ಹೆರಿಗೆಗೆ ತವರಿಗೆ ಹೋದವಳು

ದೂರದ ಹಳ್ಳಿಗಳ ಹೆಂಗಸರಿಗೆ ಬಸಿರು ಬಾಣಂತನದಲ್ಲಿ ಆರೈಕೆ ಎಷ್ಟು ಸಿಗುತ್ತದೆ, ಎಲ್ಲಿ ತಪ್ಪುತ್ತದೆ ಎಂದು ತಿಳಿಯುವ ಅಧ್ಯಯನವೊಂದರಲ್ಲಿ ನಾನು ಕೆಲಸಕ್ಕಿದ್ದೆ. ಬೆಳಗಾವಿಯಿಂದ ಬೆಳಗಿನ ಬಸ್ಸಿಗೆ ಖಾನಾಪುರಕ್ಕೆ ಹೋಗಿ, ಅಲ್ಲಿಂದ ಆಶಾ ಕಾರ್ಯಕರ್ತೆಯೊಬ್ಬರ ಸ್ಕೂಟಿಯ ಹಿಂದೆ ಕೂತು ಹಳ್ಳಿ ಸುತ್ತುತ್ತಿದ್ದೆ. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವರು ನನ್ನನ್ನು ಮೇಡಮ್ ಎನ್ನುತ್ತಿದ್ದರು, ಚೇಷ್ಟೆ ಮಾಡುವಾಗಲೂ.

ಆ ಬೇಸಿಗೆಯಲ್ಲಿ ಚೊಚ್ಚಲ ಬಸುರಿಯೊಬ್ಬಳ ಬಿ.ಪಿ. ಏರತೊಡಗಿತ್ತು. ವಾರಕ್ಕೊಮ್ಮೆ ನೋಡಲೇಬೇಕೆಂದು ಡಾಕ್ಟರು ಹೇಳಿದ್ದರು. ವಾರದ ಮೇಲೆ ನಾವು ಅವಳ ಗಂಡನ ಮನೆಗೆ ಹೋದಾಗ ಅಂಗಳದಲ್ಲಿ ಅವಳ ಅತ್ತೆ ಒಬ್ಬರೇ ಹುಣಸೆಹಣ್ಣು ಬಿಡಿಸುತ್ತಿದ್ದರು.

"ಸೊಸಿ ಎಲ್ಲಿ ಅದಾಳ್ರಿ?" ಎಂದೆ.

"ಕುಬಸ ಮಾಡಿ, ಉಡಿ ತುಂಬಿ ಅವರವ್ವ ಕರಕೊಂಡ ಹೋದ್ಲು. ಚೊಚ್ಚಲ ಐತಿ, ನಮ್ಮ ಮನ್ಯಾಗ ಹಡೀತಾಳೇನು?"

"ತವರೂರು ಯಾವುದ್ರಿ?"

"ಲೋಂಡಾದ ಆಚಿ ಕಡೆ. ಅಡವ್ಯಾಗ ಆರ ಮನಿ ಅದಾವು."

ನನ್ನ ಬಳಿ ಇದ್ದದ್ದು ಅವಳ ಗಂಡನ ಫೋನ್ ನಂಬರು. ಅವನು ಪೀರನವಾಡಿಯಲ್ಲಿ ಕೆಲಸಕ್ಕಿದ್ದ. ಫೋನ್ ಮಾಡಿದರೆ, ಅವಳ ತವರಿನಲ್ಲಿ ರೇಂಜ್ ಸಿಗುವುದಿಲ್ಲ ಎಂದ. ನನ್ನ ಹಾಳೆಯಲ್ಲಿ ವಿಳಾಸಕ್ಕೆ ಒಂದೇ ಸಾಲು, ಅದರಲ್ಲಿ ಗಂಡನ ಮನೆ. ಹೀಗೆ ಕಾಣೆಯಾದವರನ್ನು 'ಸಂಪರ್ಕಕ್ಕೆ ಸಿಗದವರು' ಎಂದು ಬರೆಯುವುದು ನಮ್ಮಲ್ಲಿ ರೂಢಿ. ಹಾಗೆ ಬರೆದ ಕೆಲವು ಹೆಸರುಗಳು ನನ್ನ ಕೈಬರಹದಲ್ಲೇ ಇದ್ದವು. ಬೆಳಗಾವಿಯ ವಡಗಾವಿಯಲ್ಲಿರುವ ನಮ್ಮ ನೇಕಾರರ ಮನೆಗೆ ನನ್ನ ಒಡಹುಟ್ಟಿದ ಅಕ್ಕ ಹೆರಿಗೆಗೆ ಬಂದಾಗ ಅವಳಿಗೆ ಕೋಣೆ ಬಿಟ್ಟುಕೊಟ್ಟು ಮೂರು ತಿಂಗಳು ಮಗ್ಗದ ಪಕ್ಕ ಮಲಗಿದವಳು ನಾನು. ಆದರೂ ಆ ದಿನದವರೆಗೆ ಯಾರನ್ನೂ ತವರೂರು ಯಾವುದೆಂದು ಕೇಳಿರಲಿಲ್ಲ.

"ತವರೂರ ಬರಕೊಂಡಿಲ್ಲೇನ್ರಿ ಮೇಡಮ್?" ಎಂದರು ಆಶಾ ಅಕ್ಕ.

"ಹಾಳ್ಯಾಗ ಜಾಗಾ ಇಲ್ಲಕ್ಕಾ."

"ಬಾಜೂಕ ಬರೀಬೇಕಿಲ್ಲ? ಎಂ.ಎಸ್ಸಿ. ಮಾಡ್ಯಾರ, ಹೆಣ್ಮಕ್ಕಳಿಗೆ ಎರಡ ಮನಿ ಇರತಾವ ಅನ್ನೂದ ಗೊತ್ತಿಲ್ಲ!"

ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. ಆಮೇಲೆ ನಾವು ಸ್ಕೂಟಿ ಹತ್ತುವಾಗ ಬಳಿಗೆ ಬಂದು, "ಖರೇ ಏನರೆ ತ್ರಾಸ ಐತೇನ್ರಿ ಆಕಿಗೆ?" ಎಂದು ಮೆಲ್ಲಗೆ ಕೇಳಿದರು. ನೋಡಿದ ಮೇಲೆ ಹೇಳುತ್ತೇನೆ ಎಂದೆ.

ಲೋಂಡಾ ದಾಟಿ ಸ್ವಲ್ಪ ದೂರಕ್ಕೆ ಡಾಂಬರು ಮುಗಿಯಿತು. ಸ್ಕೂಟಿ ಬಿಟ್ಟು ನಡೆದೆವು. ಬಸುರಿ ಹುಡುಗಿ ತವರುಮನೆಯ ಕಟ್ಟೆಯ ಮೇಲೆ ಬಾತ ಕಾಲು ಚಾಚಿ ಕೂತಿದ್ದಳು.

"ಬಸರ್ಯಾಗ ಕಾಲ ಬಾಯ್ತಾವ, ಅದಕ್ಕೇನು," ಎಂದಳು ಅವಳ ತಾಯಿ.

"ಎರಡ ದಿನಾತು, ತಲಿ ಭಾಳ ಸಿಡ್ಯಾಕತ್ತೈತ್ರಿ," ಎಂದಳು ಹುಡುಗಿ.

ಬಿ.ಪಿ. ನೋಡಿದೆ. ಅವಳನ್ನು ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಮತ್ತೆ ನೋಡಿದೆ. ಎರಡು ಸಲವೂ ಹೋದ ವಾರಕ್ಕಿಂತ ಬಹಳ ಹೆಚ್ಚಿತ್ತು. ನಾನು ಡಾಕ್ಟರಲ್ಲ, ಆದರೆ ಇನ್ನು ತಡಮಾಡಿದರೆ ಫಿಟ್ಸ್ ಬಂದು ತಾಯಿ ಮಗು ಇಬ್ಬರಿಗೂ ಅಪಾಯವೆಂದು ಗೊತ್ತಿತ್ತು. ಅಕ್ಕ ದಿಬ್ಬ ಹತ್ತಿ ರೇಂಜ್ ಹುಡುಕಿ ಆಂಬುಲೆನ್ಸ್‌ಗೆ ಫೋನ್ ಮಾಡಿದರು.

ತಾಯಿ ಬಾಗಿಲಲ್ಲೇ ನಿಂತಿದ್ದಳು. "ಚೊಚ್ಚಲ ಹೆರಿಗಿ ನಾ ಮಾಡಸ್ತೇನಂತ ಕರಕೊಂಡ ಬಂದೇನ್ರಿ. ಈಗ ಬೀಗರು ಏನಂದಾರು? ಮಗಳನ್ನ ನೋಡಿಕೊಳ್ಳಾಕ ಆಗಲಿಲ್ಲ ಅಂತಾರ."

ದಿಬ್ಬ ಇಳಿದು ಬಂದ ಅಕ್ಕ ಹೇಳಿದರು: "ಹಡ್ಯಾಕಷ್ಟ ದವಾಖಾನಿ, ಯವ್ವಾ. ಬಾಣಂತನ ನಿಂದ ಐತಿ. ಅದನ್ನ ಯಾರು ಕಸಗೊಂತಾರ? ಈಗ ಅರವಿ ಕಟ್ಟು."

ಅವಳು ಒಳಗೆ ಹೋಗಿ ಗಂಟು ಕಟ್ಟತೊಡಗಿದಳು.

ಮರುದಿನ ಬೆಳಗಾವಿಯ ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು. ಹೆಣ್ಣು ಕೂಸು, ತೂಕ ಕಡಿಮೆ, ದನಿ ಜೋರು. ಬಾಣಂತಿಯ ಬಿ.ಪಿ. ಇಳಿಯಲು ಮೂರು ದಿನ ಹಿಡಿಯಿತು. ನಾಲ್ಕನೆಯ ದಿನ ಹೋದಾಗ ಮಂಚದ ಆಚೆಗೆ ತಾಯಿ, ಈಚೆಗೆ ಅತ್ತೆ.

"ದವಾಖಾನಿ ಸನೇಕ ಇರಬೇಕಂತ. ನಮ್ಮ ಮನೀಗೆ ಬರಲಿ," ಎನ್ನುತ್ತಿದ್ದರು ಅತ್ತೆ.

"ಬಾಣಂತನ ತವರಮನೀದು, ಬೀಗರ," ಎಂದಳು ತಾಯಿ. " ಐದ ತಿಂಗಳ ನಾ ಕಳಸೂದಿಲ್ಲ."

"ನಿಮ್ಮಲ್ಲಿ ಫೋನ್ ಹತ್ತೂದಿಲ್ಲ!"

ನನ್ನನ್ನು ಕಂಡು ಇಬ್ಬರೂ ಒಟ್ಟಿಗೆ, "ನೀವ ಹೇಳ್ರಿ ಮೇಡಮ್," ಎಂದರು.

ನಾನು ಬಾಣಂತಿಯನ್ನು ನೋಡಿದೆ. ಅವಳು ಕಣ್ಣು ತೆರೆಯದೆಯೇ ಹೇಳಿದಳು: "ಎಲ್ಲಿ ಹೋಗೂದಂತ ನಾ ಹೇಳ್ತೇನಿ. ಈಗ ಇಬ್ಬರೂ ಸುಮ್ಮ ಕುಂದರ್ರಿ, ಕೂಸು ಮಲಗೇತಿ."

ತಾಯಿ ಮಂಚದ ಆಚೆಗೆ ಕೂತಳು, ಅತ್ತೆ ಈಚೆಗೆ.