ಶಿವಗಂಗವ್ವನ ಹುರುಳಿ ನೀರು

ಹಳಿಯಾಳದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಧರ್ಮಾರ್ಥ ಆಸ್ಪತ್ರೆಯ ಹಿತ್ತಲಲ್ಲಿ ಶಿವಗಂಗವ್ವ ಸೆರಗು ಸಿಕ್ಕಿಸಿಕೊಂಡು ಒರಳಿನ ಮುಂದೆ ಕೂತಿದ್ದಾಳೆ. ಒರಳಲ್ಲಿರುವುದು ಹಸಿ ಹುರುಳಿ, ಆದರೆ ಸಾರಿಗಲ್ಲ. ಕುಟ್ಟಿದ ಹಿಟ್ಟನ್ನು ಉಪ್ಪುನೀರಿನಲ್ಲಿ ನೆನೆಯಿಟ್ಟು, ತೆಳುವಾದ ಬಟ್ಟೆಯಲ್ಲಿ ಸೋಸಿ ಸೀಸೆಗೆ ತುಂಬುತ್ತಾಳೆ. ಇವತ್ತು ಆಪರೇಷನ್ ಇದೆ. ಡಾಕ್ಟರು ಬರುವಷ್ಟರಲ್ಲಿ ಹುರುಳಿ ನೀರು ತಯಾರಿರಬೇಕು.

ಕಿರಿಯ ಆಯಾ ಗುರುಸಿದ್ದವ್ವ ಪಕ್ಕದಲ್ಲೇ ನಿಂತಿದ್ದಾಳೆ. "ನಾ ಸೋಸ್ಲೇನ್ರಿ, ಅಕ್ಕಾರ?"

"ಬ್ಯಾಡ. ಬಟ್ಟಿ ಹಿಡಿ, ಸಾಕು."

ಈ ನೀರು ರಕ್ತದ ಗುಂಪು ನೋಡುವುದಕ್ಕೆ. ಮುಂಬಯಿಯಿಂದ ಬರುವ ಬಾಟಲಿ ಔಷಧ ಐಸ್ ಪೆಟ್ಟಿಗೆ ಕೆಟ್ಟ ದಿನವೇ ಕೆಡುತ್ತದೆ. ಹುರುಳಿಗೆ ಆ ರಗಳೆಯಿಲ್ಲ. ಬೆಳಕಾದ ಮೇಲೆ ಬಂದ ಡಾಕ್ಟರು, ಪತ್ರಿಕೆಗೆ ಬರೆಯಲು ಬಂದಿರುವ ನನಗೆ ತಿಳಿಸಿ ಹೇಳುತ್ತಾರೆ: "ಈ ಕಾಳಿನಲ್ಲಿ ಒಂದು ಪ್ರೋಟೀನು ಇದೆ. 'ಎ' ಗುಂಪಿನ ರಕ್ತಕಣದ ಮೈಮೇಲಿರುವ ಒಂದು ಬಗೆಯ ಸಕ್ಕರೆಯನ್ನು ಗುರುತಿಸಿ ಹಿಡಿಯುತ್ತದೆ. ಅದಕ್ಕೆ ಒಂದಕ್ಕಿಂತ ಹೆಚ್ಚು ಕೈ. ಒಂದರಲ್ಲಿ ಈ ಕಣ, ಇನ್ನೊಂದರಲ್ಲಿ ಆ ಕಣ. ಹಾಗಾಗಿ ರಕ್ತ ಗಂಟು ಗಂಟಾಗುತ್ತದೆ. ಕೆಲವು ರೋಗಾಣುಗಳೂ ರಕ್ತಕಣಗಳನ್ನು ಹೀಗೆಯೇ ಹಿಡಿಯುತ್ತವೆ. ಗುರುತಿಲ್ಲದ ಕಣವನ್ನು ಹುರುಳಿ ಮುಟ್ಟುವುದೂ ಇಲ್ಲ."

ಕೇಳಿ ನನಗೆ ಹೊಟ್ಟೆ ಉರಿಯುತ್ತದೆ. ಇಷ್ಟು ವರ್ಷದಿಂದ ವಾರವಾರ ಬರೆಯುತ್ತಿದ್ದೇನೆ. ನನ್ನ ಒಂದು ಸಾಲೂ ಯಾರನ್ನೂ ಇಷ್ಟು ಬಿಗಿಯಾಗಿ ಹಿಡಿದಿದ್ದು ನೆನಪಿಲ್ಲ.

ಶಿವಗಂಗವ್ವನ ಗಂಡ ದಾಂಡೇಲಿಯ ದಾರಿಯಲ್ಲಿ ಮರದ ದಿಮ್ಮಿಯ ಗಾಡಿ ಹೊಡೆಯುತ್ತಿದ್ದ. ಅವನು ತೀರಿಕೊಂಡ ಮೇಲೆ ಈಕೆ ಇಲ್ಲಿ ಕಸ ಹೊಡೆಯಲು ಸೇರಿದಳು. ಡಾಕ್ಟರು ಸಂತೆಯ ಹುರುಳಿಯನ್ನೆಲ್ಲ ಪರೀಕ್ಷಿಸಿ ಬೇಸತ್ತಿದ್ದಾಗ ತನ್ನ ಅಣ್ಣನ ಹೊಲದ ಕಾಳು ತಂದುಕೊಟ್ಟಳು. ಅದೇ ಎಲ್ಲಕ್ಕಿಂತ ಗಟ್ಟಿಯಾಗಿ ಹಿಡಿಯಿತು. ಅಂದಿನಿಂದ ಒರಳು ಆಕೆಯದು.

ಹೋದ ಮಳೆಗಾಲದಲ್ಲಿ ಅತ್ತಿವೇರಿ ಕಡೆಯಿಂದ ಗುರುಸಿದ್ದವ್ವ ಬಂದಳು. ಗಂಡನಿಲ್ಲ, ತವರಿನಲ್ಲಿ ಜಾಗವಿಲ್ಲ, ಮಾತು ಮಾತ್ರ ಮೆತ್ತಗೆ. "ಬಂದು ತಿಂಗಳಾಗಿದ್ದಿಲ್ರಿ, ಪೇಷಂಟ್ ಮಂದಿ ಬಾಯಾಗೆಲ್ಲಾ ಅಕೀ ಹೆಸರು. ನನಗ ಹೊಟ್ಟಿಕಿಚ್ಚು ಆತು. ಸುಳ್ಳ್ಯಾಕ ಹೇಳ್ಲಿ? ಈಗೂ ಐತಿ," ಎನ್ನುತ್ತಾಳೆ ಶಿವಗಂಗವ್ವ, ಗುರುಸಿದ್ದವ್ವ ಒಳಗೆ ಹೋದದ್ದನ್ನು ನೋಡಿಕೊಂಡು.

ಹೋದ ವಾರ ಶಿವಗಂಗವ್ವ ಮಗಳ ಬಾಣಂತನಕ್ಕೆಂದು ತೇರಗಾಂವಕ್ಕೆ ಹೋಗಿದ್ದಳು. ಅದೇ ದಿನ ದಿಮ್ಮಿ ಉರುಳಿ ಕಾಲು ಜಜ್ಜಿಹೋದ ಅಮೀರಸಾಬನನ್ನು ಲಾರಿಯಲ್ಲಿ ತಂದರು. ಹುರುಳಿ ನೀರನ್ನು ಗುರುಸಿದ್ದವ್ವ ಮಾಡಿಕೊಟ್ಟಳು. ಡಾಕ್ಟರದು 'ಎ' ಗುಂಪು. ಅವರು ಪ್ರತಿ ಸಲ ಮೊದಲು ತಮ್ಮದೇ ರಕ್ತದ ಹನಿಯನ್ನು ಪಿಂಗಾಣಿ ಬಿಲ್ಲೆಯ ಮೇಲಿಟ್ಟು ನೀರನ್ನು ಪರೀಕ್ಷಿಸುತ್ತಾರೆ. ಅವತ್ತು ಗಂಟೇ ಕಟ್ಟಲಿಲ್ಲ. ನೀರು ಸತ್ತಿತ್ತು.

ಗುರುಸಿದ್ದವ್ವ ಹುರುಳಿಯನ್ನು ಕುದಿಸಿಬಿಟ್ಟಿದ್ದಳು. "ದವಾಖಾನ್ಯಾಗ ಸೂಜಿ ಕುದಿಸ್ತಾರ, ಬಟ್ಟಿ ಕುದಿಸ್ತಾರ. ಮನ್ಯಾಗೂ ಹುರಳಿ ಹಸೀದು ಯಾರ್ ತಿಂತಾರ್ರಿ? ಕುದಿಸಿದ್ರ ಚೊಕ್ಕ ಆಗ್ತೈತಿ ಅಂತ ತಿಳಿದೆ," ಎಂದು ಆಕೆ ಈಗಲೂ ಕಣ್ಣೊರೆಸಿಕೊಳ್ಳುತ್ತಾಳೆ. ಕುದಿಸಿದರೆ ಪ್ರೋಟೀನಿನ ಆಕಾರ ಕೆಡುತ್ತದೆ. ಕೈ ಮುರಿದವನು ಏನನ್ನು ಹಿಡಿದಾನು? ಕುದಿಸಿದ್ದು ಆಗ ಯಾರಿಗೂ ಹೊಳೆಯದೆ, ಜೀಪು ತೇರಗಾಂವಕ್ಕೆ ಓಡಿ ಶಿವಗಂಗವ್ವನನ್ನು ಕರೆತರುವವರೆಗೂ ಅಮೀರಸಾಬ ರಕ್ತವಿಲ್ಲದೆ ಮಲಗಿದ್ದ. ಜೀವ ಉಳಿಯಿತು. ಕಾಲೂ ಉಳಿದೀತು ಎನ್ನುತ್ತಾರೆ.

ಗುರುಸಿದ್ದವ್ವನನ್ನು ಕೆಲಸದಿಂದ ಬಿಡಿಸಬೇಕೆಂದು ಆಸ್ಪತ್ರೆಯ ಕಮಿಟಿಯವರು ಹೇಳುತ್ತಿದ್ದಾರೆ. ಇಂದು ಸಂಜೆ ತೀರ್ಮಾನ. ಇಲ್ಲಿಂದ ಹೊರಬಿದ್ದರೆ ಆಕೆ ಹೋಗುವ ಮನೆಯಿಲ್ಲ.

ಶಿವಗಂಗವ್ವ ಒರಳು ತೊಳೆದಿಡುತ್ತಾಳೆ. ಆಮೇಲೆ ಸೀಸೆ ಎತ್ತಿಕೊಂಡು ಸೀದಾ ಡಾಕ್ಟರ ಕೋಣೆಗೆ ನಡೆಯುತ್ತಾಳೆ. ನಾನೂ ಹಿಂದೆಯೇ ಹೋಗುತ್ತೇನೆ.

"ಸಾಹೇಬ್ರ, ಕಮಿಟಿಯವ್ರಿಗೆ ಒಂದ್ ಮಾತು ಹೇಳ್ರಿ. ಕುಟ್ಟೂದು ಕಲಿಸಿದೆ, ಸೋಸೂದು ಕಲಿಸಿದೆ. ಕುದಿಸಬ್ಯಾಡ ಅನ್ನೂದು ಮಾತ್ರ ಹೇಳ್ಲಿಲ್ಲ. ಮರ್ತಿದ್ದಿಲ್ರಿ. ಬೇಕಂತನ ಹೇಳ್ಲಿಲ್ಲ. ಬಿಡಸೂದಿದ್ರ ನನ್ನ ಬಿಡಸ್ರಿ."

ಡಾಕ್ಟರು ಸೀಸೆಯನ್ನು ತೆಗೆದುಕೊಂಡು ಮೇಜಿನ ಮೇಲಿಡುತ್ತಾರೆ. "ಯಾರನ್ನೂ ಬಿಡಿಸುವುದಿಲ್ಲ. ಕಮಿಟಿಗೆ ನಾನು ಹೇಳುತ್ತೇನೆ," ಎನ್ನುತ್ತಾರೆ. ಬರುವ ತಿಂಗಳು ಅವರು ತರಬೇತಿಗೆ ಮುಂಬಯಿಗೆ ಹೊರಡುತ್ತಾರೆ. ಅವರಿಲ್ಲದಾಗ ನೀರನ್ನು ಪರೀಕ್ಷಿಸಲು 'ಎ' ಗುಂಪಿನವರು ಒಬ್ಬರು ಇಲ್ಲಿರಬೇಕು. ಗುರುಸಿದ್ದವ್ವನನ್ನೂ ಕರೆಸಿ ಇಬ್ಬರ ಬೆರಳಿಗೂ ಸೂಜಿ ಚುಚ್ಚುತ್ತಾರೆ.

ಬಿಲ್ಲೆಯ ಮೇಲೆ ಎರಡು ಹನಿ ರಕ್ತ. ಎರಡಕ್ಕೂ ಹುರುಳಿ ನೀರು ಬೀಳುತ್ತದೆ. ಡಾಕ್ಟರು ಬಿಲ್ಲೆಯನ್ನು ಮೆಲ್ಲಗೆ ಓಲಾಡಿಸುತ್ತಾರೆ. ಗುರುಸಿದ್ದವ್ವನ ಹನಿ ನೋಡುನೋಡುತ್ತಲೇ ರವೆಯಂತೆ ಗಂಟು ಕಟ್ಟುತ್ತದೆ. ಶಿವಗಂಗವ್ವನದು 'ಓ' ಗುಂಪು. ಅದು ಹಾಗೆಯೇ ಕೆಂಪಗೆ, ನುಣ್ಣಗೆ ಹರಡಿಕೊಂಡಿದೆ. ಆಕೆ ಬಗ್ಗಿ ನೋಡುತ್ತಾಳೆ, ಮತ್ತೊಮ್ಮೆ ನೋಡುತ್ತಾಳೆ.

"ನಮ್ಮಣ್ಣನ ಹೊಲದ ಕಾಳು, ನಾ ಕುಟ್ಟಿದ್ದು, ನಾ ಸೋಸಿದ್ದು," ಎನ್ನುತ್ತಾಳೆ. "ಅಕೀನ್ನ ಹಿಡಿತು. ನನ್ನ ಮುಟ್ಟಲೂ ಇಲ್ಲ."

ಗುರುಸಿದ್ದವ್ವ ಬೆರಳನ್ನು ಸೆರಗಿನಲ್ಲಿ ಅಡಗಿಸಿಕೊಳ್ಳುತ್ತಾಳೆ.

ಮಧ್ಯಾಹ್ನ ಹಿತ್ತಲಲ್ಲಿ ನಾಳೆಯ ಕಾಳು ಆರಿಸುವ ಕೆಲಸ. ಮೊರದ ಈ ಬದಿಗೆ ಶಿವಗಂಗವ್ವ, ಆ ಬದಿಗೆ ಗುರುಸಿದ್ದವ್ವ. "ಕುದಿಸಬಾರ್ದು, ಹುರೀಬಾರ್ದು, ಬಿಸಿನೀರೂ ಮುಟ್ಟಿಸಬಾರ್ದು. ತಿಳೀತಿಲ್ಲೋ?" ಎಂದು ಹಿರಿಯಳು ಗದರುತ್ತಾಳೆ. ಕಿರಿಯಳು ತಲೆಯಾಡಿಸುತ್ತಾಳೆ. ಏನಾದರೂ ಆಸೆ ಇದೆಯೇ ಎಂದು ಹೊರಡುವ ಮುನ್ನ ಶಿವಗಂಗವ್ವನನ್ನು ಕೇಳುತ್ತೇನೆ.

"ನೀಲಗಿರಿ ಬೆಟ್ಟದಾಗ ಒಂದು ಮುಳ್ಳಿನ ಗಿಡ ಐತಂತ. ಅದರ ಬೀಜಾ ನನ್ನಂಥಾ ರಕ್ತಾನೂ ಹಿಡಿತೈತಿ ಅಂದ್ರು ಸಾಹೇಬ್ರು. ನೀವು ಊರೂರು ತಿರುಗೋರು, ಸಿಕ್ರ ಒಂದ್ ಮುಷ್ಟಿ ತಂದು ಕೊಡ್ರಿ." ಗುರುಸಿದ್ದವ್ವನ ಕಡೆ ಓರೆಗಣ್ಣಲ್ಲಿ ನೋಡಿ ಶಿವಗಂಗವ್ವ ಮಾತು ಮುಗಿಸುತ್ತಾಳೆ. "ಅದನ್ನ ಅಕೀ ಕೈಲೆ ಕುಟ್ಟಸ್ತೇನಿ."