ಹಿಟ್ಟಿನ ಮೇಲಿನ ಹಿಮ್ಮಡಿ

ಇವತ್ತು ಬೆಳಿಗ್ಗೆ ರೊಟ್ಟಿ ತಟ್ಟುವಾಗ ಒಂದಿಷ್ಟು ಜೋಳದ ಹಿಟ್ಟು ನೆಲಕ್ಕೆ ಚೆಲ್ಲಿತು. ಬಿಸಿ ರೊಟ್ಟಿಗೆಂದು ಬಂದ ಮೊಮ್ಮಗಳು ಅದರ ಮೇಲೇ ಕಾಲಿಟ್ಟು ಹೋದಳು. ನೋಡುತ್ತೇನೆ... ಹೆಜ್ಜೆ ಇಡಿಯಾಗಿ ಮೂಡಿದೆ! ಬೆರಳೂ ಇದೆ, ಹಿಮ್ಮಡಿಯೂ ಇದೆ. ಹಂಚಿನ ಮೇಲೆ ರೊಟ್ಟಿ ಸೀದದ್ದು ನನಗೆ ಖಬರೇ ಇಲ್ಲ. ಕಣ್ಣ ಮುಂದೆ ಬಂದು ನಿಂತವರು ಸವಣೂರಿನ ಕಸರತ್ತಿನ ಅಕ್ಕೋರು.

ಈ ಹುಡುಗಿ ಹುಟ್ಟಿದಾಗ ಬೇಗ ಅಳಲಿಲ್ಲ. ಮೆದುಳಿಗೆ ಪೆಟ್ಟಾಗಿದೆ, ಇದಕ್ಕೆ ಸೆರೆಬ್ರಲ್ ಪಾಲ್ಸಿ ಅನ್ನುತ್ತಾರೆ ಅಂದರು ಡಾಕ್ಟರು. ನಾನು ಕಲಿತದ್ದು ಎರಡನೇ ಇಯತ್ತೆ, ಆ ಹೆಸರು ನಾಲಿಗೆಗೆ ಹೊರಳಲೇ ಇಲ್ಲ. ನನಗೆ ಕಂಡದ್ದಿಷ್ಟೇ. ಕೂಸು ಗೋಡೆ ಹಿಡಿದು ತುದಿಗಾಲಲ್ಲೇ ನಿಲ್ಲುತ್ತಿತ್ತು, ಕೈ ಬಿಟ್ಟರೆ ಬೀಳುತ್ತಿತ್ತು. ಅದರ ಹಣೆಬರಹ ಅಂದರು ಬೀಗರು. ನಡೆಸಿಯೇ ತೀರುತ್ತೇನೆ ಅಂದೆ ನಾನು.

ಇಂಥ ಮಕ್ಕಳ ಕೈಕಾಲಿಗೆ ಕಸರತ್ತು ಮಾಡಿಸಲು ಅಕ್ಕೋರು ವಾರಕ್ಕೊಮ್ಮೆ ಸವಣೂರಿನ ಒಂದು ಶಾಲೆಯ ಕೋಣೆಗೆ ಬರುತ್ತಿದ್ದರು. ನಮ್ಮೂರು ಬಂಕಾಪುರದಿಂದ ಬಸ್ಸು ಹತ್ತಿ, ಕೂಸನ್ನು ಬಗಲಲ್ಲಿ ಎತ್ತಿಕೊಂಡು ಹೋದೆ. ಅವರು ಮೈಸೂರು ಕಡೆಯವರು. ಕೂಸಿನ ಕಾಲು ಒತ್ತಿ ನೋಡಿ, "ಅಜ್ಜಿ, ಮುಖ್ಯ ಮೀನಖಂಡ. ಮನೇಲಿ ದಿನಾ ಎರಡು ಹೊತ್ತು ಮಾಡ್ತೀರಾ?" ಅಂದರು.

ನನಗೆ ಗಾಬರಿ. "ಅಯ್ಯ ಶಿವನ! ನಾವು ಲಿಂಗ ಕಟ್ಟಿದವ್ರರಿ. ಮೀನಾ, ಖಂಡಾ ನಮ್ಮನ್ಯಾಗ ಮಾಡಂಗಿಲ್ರಿ. ಬ್ಯಾರೆ ಏನರ ಔಷಧ ಹೇಳ್ರಿ."

ಅಕ್ಕೋರು ನಕ್ಕೂ ನಕ್ಕೂ ನೆಲಕ್ಕೇ ಕುಳಿತರು. "ತಿನ್ನೋದಲ್ಲ ಅಜ್ಜಿ, ಇದು!" ಅಂತ ನನ್ನದೇ ಕಣಕಾಲಿನ ಹಿಂದಿನ ಖಂಡವನ್ನು ತಟ್ಟಿದರು.

ಆಮೇಲೆ ನನ್ನ ತಪ್ಪನ್ನೇ ಪಾಠ ಮಾಡಿದರು. "ಸರಿ, ಮೀನು ಅಂತಲೇ ತಿಳ್ಕೊಳ್ಳಿ. ಗಬಕ್ಕನೆ ಹಿಡಿದ್ರೆ ಒದ್ದಾಡುತ್ತೆ, ನಿಧಾನಕ್ಕೆ ಹಿಡಿದ್ರೆ ಸುಮ್ಮನಿರುತ್ತೆ." ಪಾದವನ್ನು ಝಟ್ಟನೆ ಮೇಲೆತ್ತಿ ತೋರಿಸಿದರು, ಅದು ಪಟಪಟ ನಡುಗಿತು. ಮೆತ್ತಗೆ, ಮೆತ್ತಗೆ ಎತ್ತಿ ಹಿಡಿದರು, ಬಿಗಿ ಸಡಿಲಿತು. ಮೆದುಳಿನ ಲಗಾಮು ಸರಿಯಿಲ್ಲದ್ದಕ್ಕೆ ಆ ಖಂಡ ತಾನೇ ಬೆಚ್ಚುತ್ತದಂತೆ. ಕೊನೆಗೆ ನೆಲಕ್ಕೆ ಪೌಡರ್ ಉದುರಿಸಿ ಕೂಸನ್ನು ನಿಲ್ಲಿಸಿದರು. ಬರೀ ಬೆರಳ ಗುರುತು. ಅದರ ಹಿಂದಿನ ಖಾಲಿ ಜಾಗಕ್ಕೆ ಬೆರಳಿಟ್ಟು, "ಇಲ್ಲಿ ಹಿಮ್ಮಡಿ ಬರಬೇಕು ಅಜ್ಜಿ" ಅಂದರು.

ಅಂದಿನಿಂದ ಹಿಡಿದ ಕಾಲು ಬಿಡಲಿಲ್ಲ ನಾನು. ಅವಳು ಅತ್ತರೆ ಹಾಡು ಹೇಳಿದೆ, ಒದ್ದರೆ ಒದೆಸಿಕೊಂಡೆ. ಅಕ್ಕೋರು ಅಳತೆ ಕೊಟ್ಟು ಮಾಡಿಸಿದ ಪಟ್ಟಿಯ ಬೂಟು ಚಿಕ್ಕದಾದಂತೆ ಹೊಸದು ಬಂತು. "ಅತ್ತಿ, ಮೀನ ಹಿಡಿದ್ರ್ಯಾ ಇಲ್ಲೋ?" ಅಂತ ಸೊಸೆ ದಿನಾ ಚಾಷ್ಟಿ ಮಾಡುತ್ತಿದ್ದಳು.

ಹುಡುಗಿ ಕೋಲು ಹಿಡಿದು ನಡೆಯುವ ಹೊತ್ತಿಗೆ ಅಕ್ಕೋರಿಗೆ ವರ್ಗವಾಯಿತು. ಹೋಗುವಾಗ ನಮ್ಮ ಮಾತಿನಲ್ಲೇ, "ಬಿಡಬ್ಯಾಡ್ರಿ ಅಜ್ಜಿ" ಅಂದರು. ಅವರು ತೀರಿಕೊಂಡ ಸುದ್ದಿಯನ್ನು ಅವರ ಜಾಗಕ್ಕೆ ಬಂದವರು ಹೇಳಿದರು... ಇವಳು ಕೋಲು ಬಿಟ್ಟು ನಡೆದದ್ದನ್ನು ಅವರು ನೋಡಲೇ ಇಲ್ಲ.

ಚೆಲ್ಲಿದ ಹಿಟ್ಟು ಗುಡಿಸಲು ಸೊಸೆ ಕಸಬರಿಗೆ ತಂದಳು. "ತಡಿಯವ್ವಾ" ಅಂದೆ.

"ಆಯಿ, ಹಿಟ್ಟ ತುಳದ್ರ ಬೈತಿದ್ದಿ, ಇವತ್ತ ಯಾಕ ನಗಾಕತ್ತಿ?" ಅಂದಳು ಮೊಮ್ಮಗಳು.

"ಇನ್ನೊಮ್ಮೆ ತುಳಿ, ನನ್ನ ಬಂಗಾರ."

ತುಳಿದಳು. ಪಾದ ತುಸು ಓರೆ, ಆದರೂ ಹಿಮ್ಮಡಿ ಊರಿತು. ಅಕ್ಕೋರು ಇಟ್ಟಿದ್ದಂತೆಯೇ ಅಲ್ಲಿ ಬೆರಳಿಟ್ಟೆ.

"ಬಂತ್ರೀ ಅಕ್ಕೋರ..."