ಕಾತ್ರಜದ ಚನ್ನಬಸವ್ವ

ಶಹಾಪುರದ ಕಡೆಯಿಂದ ಪುಣೆಗೆ ಬಂದ ಎರಡನೆಯ ವರ್ಷ, ಎಪ್ಪತ್ತೆರಡರಲ್ಲಿ, ಚನ್ನಬಸವ್ವನ ಗಂಡ ಧರ್ಮಣ್ಣ ಕಟ್ಟುತ್ತಿದ್ದ ಮನೆಯ ಮೇಲಿಂದ ಬಿದ್ದು ಮೊಣಕಾಲು ಮುರಿದುಕೊಂಡ. ಜೊತೆಯ ಆರು ಮಂದಿ ಗೌಂಡಿಗಳು ಅವನನ್ನು ಕೈಗಾಡಿಯಲ್ಲಿ ಮಲಗಿಸಿಕೊಂಡು ಯೆರವಡಾದ ಅವಳ ಖೋಲಿಗೆ ತಂದರು. ಅಷ್ಟು ದೂರ ತಳ್ಳಿಕೊಂಡು ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಬಾರದೆಂದು ಅವಳು ಅಳುತ್ತಲೇ ರೊಟ್ಟಿ ಬಡಿದಳು. ಜೊತೆಗೆ ಪುಂಡಿಪಲ್ಯ, ಶೇಂಗಾದ ಹಿಂಡಿ. ಮರುದಿನ ಆ ಆರೂ ಮಂದಿ ಜೋಳದ ಹಿಟ್ಟಿನ ಗಂಟು ಹಿಡಿದುಕೊಂಡು ಬಾಗಿಲಲ್ಲಿ ನಿಂತು, "ಯಕ್ಕಾ, ದಿನಾ ಇಷ್ಟು ಬಡದು ಕೊಡ್ತಿಯೇನು?" ಎಂದು ಕೇಳಿದರು. ಅವಳ ಖಾನಾವಳಿ ಶುರುವಾದದ್ದು ಹಾಗೆ.

ಏಳು ವರ್ಷದಲ್ಲಿ ಆರು ಮಂದಿ ಅರವತ್ತಾದರು. ಗೌಂಡಿಗಳ ಜೊತೆ ವಿಜಾಪುರ, ಕಲಬುರ್ಗಿ ಕಡೆಯ ಗುಮಾಸ್ತರೂ ಬಂದರು. ರೊಟ್ಟಿ ಬಡಿಯಲು ಪಕ್ಕದ ಓಣಿಯ ಕಲ್ಲವ್ವ ಸೇರಿಕೊಂಡಳು. ಬಾಗಿಲ ಮೇಲೆ ಬೋರ್ಡು ಇರಲಿಲ್ಲ. ಬೇಕೆಂದು ಯಾರಿಗೂ ಅನಿಸಿರಲೂ ಇಲ್ಲ.

ಬೋರ್ಡಿನ ಮಾತು ಮೊದಲು ಎತ್ತಿದವನು ಏಕನಾಥ. ಸೊಲ್ಲಾಪುರದವನು, ಬಿಸ್ಕೀಟು ಕಂಪನಿಯೊಂದರ ಮಾಲು ಮಾರುತ್ತ ಊರೂರು ತಿರುಗಿದವನು, ಮೂರು ವರ್ಷದಿಂದ ಅವಳಲ್ಲಿ ಉಣ್ಣುತ್ತಿದ್ದವನು. ಒಂದು ಮಧ್ಯಾಹ್ನ ಕೈ ತೊಳೆದು ಬಂದು ಅಡುಗೆಮನೆಯ ಹೊಸ್ತಿಲ ಹತ್ತಿರ ಕುಳಿತ.

"ಅಕ್ಕಾರ, ಕೋಥರೂಡದಾಗ ಒಂದು, ಕಾತ್ರಜದಾಗ ಒಂದು ಖಾನಾವಳಿ ತೆಗೆಯೋಣು. ಜಾಗಾ ನಂದು, ಮಂದಿ ನನ್ನವರು. ಹೆಸರು ಮಾತ್ರ ನಿಮ್ಮದು."

"ನಾ ಇಲ್ಲಿ ಇರ್ತೀನಿ. ಅಲ್ಲಿ ಅಡಗಿ ಮಾಡಾಕಿ ಯಾರು?"

"ಯಾರರೆ ಮಾಡ್ತಾರ್ರಿ."

"ಹಂಗಾದ್ರ ಆಕಿ ಹೆಸರು ಇಡು. ನನ್ನದು ಯಾಕ?"

ಏಕನಾಥ ನಕ್ಕ. "ಆಕಿ ಹೆಸರಿಗಿ ಯಾರು ಬರ್ತಾರ? ಮಂದಿ ಬರೂದು ನಿಮ್ಮ ಹೆಸರಿಗಿ."

"ನನ್ನ ಹೆಸರಿಗಿ ಬಂದವರಿಗಿ ನಾ ಸಿಗಂಗಿಲ್ಲಲ್ಲೋ ತಮ್ಮಾ."

"ರುಚಿ ಸಿಗ್ತದಲ್ರಿ! ಮೂರೂ ಕಡೆ ಒಂದ ಬೋರ್ಡು, ಒಂದ ತಾಟು, ಒಂದ ರುಚಿ. ಮುಂಬೈದಾಗ ಒಂದು ಹೊಟೇಲಿಟ್ಟವರು ಹತ್ತು ಇಟ್ಟಾರ. ಹತ್ತೂ ಕಡೆ ಮಾಲಕ ತಾನ ನಿಂತು ಬಡಿಸ್ತಾನೇನು?"

ಅವನ ಒಂದೊಂದು ಮಾತೂ ಸರಿಯೆನಿಸುತ್ತಿತ್ತು. ಎಲ್ಲ ಸೇರಿಸಿದರೆ ಮಾತ್ರ ಏನೋ ತಪ್ಪಿದೆ ಅನಿಸುತ್ತಿತ್ತು. ರಾತ್ರಿ ಧರ್ಮಣ್ಣನನ್ನು ಕೇಳಿದಳು. "ಹೆಸರು ಕೊಟ್ರ ನಿನ್ನದೇನು ಸವೀತದ? ಕೊಡು" ಎಂದ. ಮುಂಜಾನೆ ಎದ್ದವನೇ, "ನನಗಂತೂ ತಿಳೀವಲ್ದು, ಬ್ಯಾಡ ಅಂತ ಹೇಳಿಬಿಡು" ಎಂದ. ಬೇಡವೆನ್ನಲು ಕಾರಣ ಹೇಳಬೇಕಲ್ಲ. ಕಾರಣ ಅವಳ ಬಾಯಿಗೆ ಬರಲಿಲ್ಲ. ಅದಕ್ಕೇ ಹೂಂ ಅಂದಳು.

ಮುಂದಿನ ಸೋಮವಾರ ಏಕನಾಥ ಒಂದು ಸಣ್ಣ ತಕ್ಕಡಿ ತಂದ. ಅವಳು ಬದನೆಕಾಯಿಗೆ ಮಸಾಲೆ ತುಂಬುವಾಗ, ಬೇಳೆಗೆ ಖಾರ ಹಾಕುವಾಗ, "ನಿಂದರ್ರಿ ಅಕ್ಕಾರ" ಎಂದು ತಡೆದು, ಮುಷ್ಟಿಯಲ್ಲಿದ್ದದ್ದನ್ನು ತಕ್ಕಡಿಗೆ ಸುರಿಸಿಕೊಂಡು ತೂಗಿ ಬರೆದುಕೊಂಡ. ಸೋಮವಾರದ ಖಾರಕ್ಕೂ ಮಂಗಳವಾರದ ಖಾರಕ್ಕೂ ತಾಳೆಯಾಗಲಿಲ್ಲ. ಬುಧವಾರ ಉಪ್ಪು ಅರ್ಧಕ್ಕೆ ಇಳಿದಿತ್ತು.

"ಇವತ್ಯಾಕ ಕಮ್ಮಿ?"

"ಬದನಿಕಾಯಿ ಎಳೇವು ಅದಾವಲ್ಲ."

"ಎಳೇವು ಅಂದ್ರ ಎಷ್ಟು ಕಮ್ಮಿ ಹಾಕ್ತೀರಿ?"

ಎಷ್ಟು? ಇಷ್ಟು ವರ್ಷ ಅವಳನ್ನು ಯಾರೂ ಹೀಗೆ ಕೇಳಿರಲಿಲ್ಲ. ಯೋಚಿಸಿ ಹಾಕತೊಡಗಿದಳು. ಯೋಚಿಸಿದಷ್ಟೂ ಕೈ ತಡವರಿಸಿತು. ಶುಕ್ರವಾರ ಬೇಳೆಗೆ ಎರಡು ಸಲ ಉಪ್ಪು ಬಿದ್ದು, ಉಣ್ಣುವವರು ಒಬ್ಬರ ಮುಖ ಒಬ್ಬರು ನೋಡಿದರು. "ಯಾಕವ್ವಾ, ಮೈಯಾಗ ಆರಾಮಿಲ್ಲೇನು?" ಎಂದು ಕಲ್ಲವ್ವ ಹಣೆ ಮುಟ್ಟಿ ನೋಡಿದಳು.

ಎಂಟನೆಯ ದಿನ ಏಕನಾಥ ಒಂದು ಬಟ್ಟಲಲ್ಲಿ ಮಸಾಲೆ ಕಲಸಿ ಅವಳ ಮುಂದೆ ಹಿಡಿದ. "ಏಳು ದಿನದ್ದು ಕೂಡಿಸಿ ಏಳರಿಂದ ಭಾಗಿಸೀನಿ. ಇದ ನೋಡ್ರಿ ನಿಮ್ಮ ರುಚಿ."

ಅವಳು ನಾಲಿಗೆಗೆ ಹಚ್ಚಿಕೊಂಡಳು. ಕೆಟ್ಟದ್ದೇನೂ ಆಗಿರಲಿಲ್ಲ. "ಇದು ಯಾವ ದಿನದ್ದು?"

"ಯಾವ ದಿನದ್ದೂ ಅಲ್ರಿ. ಎಲ್ಲಾ ದಿನದ್ದು."

ತನ್ನ ರುಚಿ ಯಾವುದೆಂದು ಆ ವಾರದ ನಂತರ ಅವಳಿಗೇ ನೆನಪಿರಲಿಲ್ಲ. ಅಂದಿನಿಂದ ಯೆರವಡಾದ ಅಡುಗೆಗೂ ಅದೇ ತೂಕದ ಮಸಾಲೆ ಬಿತ್ತು. ಮುಂದೆ ಹೊಸ ಅಂಗಡಿಗಳಾದ ಮೇಲೆ ಅದನ್ನೇ ಇಲ್ಲಿ ಕುಟ್ಟಿ, ತೂಗಿ, ತಗಡಿನ ಡಬ್ಬಿಗಳಲ್ಲಿ ತುಂಬಿ ಉಳಿದೆರಡು ಕಡೆಗೆ ಕಳಿಸುವ ಪದ್ಧತಿ ಬಂತು.

ಎಂಬತ್ತರಲ್ಲಿ ಕೋಥರೂಡದ ಅಂಗಡಿ ತೆರೆಯಿತು. ಬೋರ್ಡಿನ ಮೇಲೆ ಮರಾಠಿಯಲ್ಲಿ ಅವಳ ಹೆಸರು, ಪಕ್ಕದಲ್ಲಿ ದೊಡ್ಡ ನತ್ತು ಇಟ್ಟ ದುಂಡು ಮುಖದ ಹೆಂಗಸಿನ ಚಿತ್ರ. ಚನ್ನಬಸವ್ವ ಜೀವಮಾನದಲ್ಲಿ ನತ್ತು ಇಟ್ಟವಳಲ್ಲ. "ಈಕಿ ಯಾರು?" ಎಂದು ಕೇಳಿದಳು. "ನೀವ ಅಲ್ರಿ" ಎಂದ ಏಕನಾಥ. ಅವಳ ಕೊರಳಿಗೆ ಹಾರ ಹಾಕಿ ಕುರ್ಚಿಯ ಮೇಲೆ ಕೂರಿಸಿದರು. ಸೆಕೆಯಾಗಿ ಅವಳು ಹಾರ ತೆಗೆದಿಟ್ಟು ಗೋಡೆಯ ಬದಿಗೆ ನಿಂತಾಗ, ಸ್ಕೂಟರಿನ ಮೇಲೆ ಗಂಡ ಮಕ್ಕಳೊಡನೆ ಬಂದಿದ್ದ ಹೆಂಗಸೊಬ್ಬಳು ಉಂಡ ತಾಟನ್ನು ಅವಳ ಕೈಗೆ ಕೊಟ್ಟು, ಮರಾಠಿಯಲ್ಲಿ ನೀರು ತರಲು ಹೇಳಿದಳು. ಚನ್ನಬಸವ್ವ ತಾಟು ಒಳಗಿಟ್ಟು ನೀರು ತಂದುಕೊಟ್ಟಳು. ಬೆಳಗಿನಿಂದ ಏನು ಮಾಡಬೇಕೆಂದು ತಿಳಿಯದೆ ಕುಳಿತಿದ್ದವಳಿಗೆ ಅದೊಂದು ಕೆಲಸ ಸಿಕ್ಕಿ ಸಮಾಧಾನವಾಯಿತು.

ಯೆರವಡಾದ ಬಾಗಿಲ ಮೇಲೂ ಅಂಥದ್ದೇ ಬೋರ್ಡು ಬಂತು. ಕಾತ್ರಜದ್ದು ಶುರುವಾಗುವಾಗ ಅವಳಿಗೆ ಜ್ವರ, ಹೋಗಲಾಗಲಿಲ್ಲ. ಎರಡು ವರ್ಷ ಕಳೆದರೂ ಅದನ್ನು ಕಂಡಿರಲಿಲ್ಲ. ಎಲ್ಲಕ್ಕಿಂತ ಹೆಚ್ಚು ನಡೆಯುವುದು ಕಾತ್ರಜದ್ದೇ ಎಂದು ಏಕನಾಥ ಹೋದಲ್ಲಿ ಬಂದಲ್ಲಿ ಹೇಳುತ್ತಿದ್ದ. "ಲಾರಿ ಡ್ರೈವರು ಸಾತಾರಾದಾಗ ಉಣ್ಣೂದು ಬಿಟ್ಟು ಹಸಗೊಂಡು ಬರ್ತಾರ್ರಿ. ಎಲ್ಲಾ ನಿಮ್ಮ ಡಬ್ಬಿ ಮಹಿಮಾ!"

ಅದೇ ಡಬ್ಬಿಯ ಊಟವನ್ನು ಯೆರವಡಾದ ಹಳೆಯ ಗಿರಾಕಿಗಳು ಅರ್ಧ ಬಿಟ್ಟೇಳುತ್ತಿದ್ದರು. ಇದು ಹೇಗೆಂದು ಅವಳಿಗೆ ಬಗೆಹರಿಯಲಿಲ್ಲ. ಯೆರವಡಾದ ಖಾನಾವಳಿಗೆ ರಜೆಯಿದ್ದ ಒಂದು ದಿನ, ಯಾರಿಗೂ ಹೇಳದೆ, ಎರಡು ಬಸ್ಸು ಬದಲಿಸಿ ಕಾತ್ರಜಕ್ಕೆ ಹೋದಳು.

ನತ್ತಿನ ಹೆಂಗಸಿನ ಅದೇ ಬೋರ್ಡು. ಒಳಗೆ ಬೆಂಚುಗಳ ತುಂಬ ಡ್ರೈವರುಗಳು, ಊರಿನ ಬಸ್ಸಿಗೆ ಕಾಯುವ ಮಂದಿ. ಚನ್ನಬಸವ್ವ ಒಂದು ಮೂಲೆಯಲ್ಲಿ ಕುಳಿತು ರೊಟ್ಟಿ ಮುರಿದು ಎಣ್ಣೆಗಾಯಿಗೆ ಅದ್ದಿ ಬಾಯಿಗಿಟ್ಟಳು. ತಕ್ಕಡಿ ಬರುವುದಕ್ಕೆ ಮೊದಲು ತಾನು ಮಾಡುತ್ತಿದ್ದ ಎಣ್ಣೆಗಾಯಿ ಹೀಗೇ ಇತ್ತೆಂದು ಅನಿಸಿತು. ಇನ್ನೊಂದು ತುತ್ತಿಗೆ, ಅಲ್ಲ, ತನ್ನದಕ್ಕಿಂತ ಇದೇ ಮೇಲು ಅನಿಸಿತು. ಮೂರನೆಯದಕ್ಕೆ ಏನೂ ಗೊತ್ತಾಗಲಿಲ್ಲ. ತಾಟು ಖಾಲಿ ಮಾಡಿ ಸೀದಾ ಅಡುಗೆಮನೆಗೆ ನಡೆದಳು.

ಬಾಗಿಲಲ್ಲಿ ಒಬ್ಬ ಹೆಂಗಸು ಲಟ್ಟಣಿಗೆ ಅಡ್ಡ ಹಿಡಿದಳು. ಮೂವತ್ತರ ಪ್ರಾಯ, ತೋಳಿನ ತನಕ ಹಿಟ್ಟು. "ಆಯಿ, ಒಳಗ ಯಾರೂ ಬರಂಗಿಲ್ಲ. ಚನ್ನಬಸವ್ವಾರ ಆರ್ಡರ್ ಅದ."

"ಚನ್ನಬಸವ್ವನ್ನ ನೋಡೀಯೇನು ನೀ?"

"ನಾ ಎಲ್ಲಿ ನೋಡ್ಲಿ? ದೊಡ್ಡ ಮಂದಿ. ಬಂಗ್ಲೆದಾಗ ಇರ್ತಾರಂತ."

ತಾನೇ ಆ ಚನ್ನಬಸವ್ವ ಎನ್ನಬೇಕೆಂದಿದ್ದಳು. ಆದರೆ ಬೋರ್ಡಿನ ಮುಖಕ್ಕೂ ತನ್ನ ಮುಖಕ್ಕೂ ಹೋಲಿಕೆಯಿಲ್ಲ, ಯಾರು ನಂಬುತ್ತಾರೆ? "ಎಣ್ಣಿಗಾಯಿ ಭಾಳ ಚಲೋ ಆಗ್ಯಾದವ್ವ. ಏನು ಹಾಕ್ತಿ?" ಎಂದಷ್ಟೇ ಕೇಳಿದಳು.

ಹೆಂಗಸು ಹಿಂದೆ ಮುಂದೆ ನೋಡಿ ದನಿ ಇಳಿಸಿದಳು. ಯಂಕವ್ವ ಅವಳ ಹೆಸರು, ದೇವದುರ್ಗದ ಕಡೆಯವಳು. "ಯಾರ ಮುಂದೂ ಅನಬ್ಯಾಡ. ಡಬ್ಬಿಯಾಗ ಮಸಾಲಿ ಬರ್ತದ. ಅದು ಹಾಕಿದ್ರ ಬಾಯಿಗಿ ಹತ್ತಂಗಿಲ್ಲ. ಒಂದು ಚಿಟಗಿ ಅದು ಹಾಕಿ, ಉಳದದ್ದು ನನ್ನ ಕೈಲೆ ಹಾಕ್ತೀನಿ. ಪಾಪ, ಆ ಮುದುಕಿಗಿ ವಯಸ್ಸಾಗ್ಯಾದ ಕಾಣ್ತದ, ನಾಲಿಗಿ ಹೋಗ್ಯಾದ."

ನಲವತ್ತೆರಡರ ಚನ್ನಬಸವ್ವ ಹೊರಗೆ ಬಂದು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಂದಿ ತನ್ನ ಹೆಸರು ಹೇಳಿ ಯಂಕವ್ವನ ಅಡುಗೆ ಉಣ್ಣುತ್ತಿದ್ದಾರೆ. ಮೋಸ ಯಾರಿಗಾಯಿತು? ಯಂಕವ್ವನಿಗೋ, ತನಗೋ, ಉಂಡು ಖುಷಿಯಾಗಿ ಹೋಗುವವರಿಗೋ? ಎರಡು ಬಸ್ಸು ಬಂದು ಹೋದವು. ಮೂರನೆಯದಕ್ಕೆ ಹತ್ತಿದಳು.

ಎರಡು ತಿಂಗಳಲ್ಲಿ ಗುಟ್ಟು ಬಯಲಾಯಿತು. ಕಾತ್ರಜದಲ್ಲಿ ತೆಗೆಯದ ಡಬ್ಬಿಗಳು ಹಾಗೇ ಪೇರಿಸಿದ್ದನ್ನು ಕಂಡು ಏಕನಾಥ ಯಂಕವ್ವನನ್ನು ಕೆಲಸದಿಂದ ಬಿಡಿಸುತ್ತೇನೆಂದು ಸಿಟ್ಟಿನಿಂದ ಯೆರವಡಾಕ್ಕೆ ಬಂದ.

"ನಾನ ಹೇಳಿದ್ದೆ ಆಕಿಗಿ" ಎಂದಳು ಚನ್ನಬಸವ್ವ. ಆ ಸುಳ್ಳು ಎಲ್ಲಿಂದ ಬಂತೋ ಅವಳಿಗೇ ಆಶ್ಚರ್ಯ.

"ನೀವು? ಏನಂತ?"

"ನಿನ್ನ ಕೈಲೆ ಹಾಕು ಅಂತ."

ಏಕನಾಥ ಗಲ್ಲಕ್ಕೆ ಕೈ ಹಚ್ಚಿ ಕುಳಿತ. "ಅಕ್ಕಾರ, ಕಾತ್ರಜ ನಡೆಯೂದು ಆಕಿ ಕೈಲೆ ಅಂದ್ರ, ಇಷ್ಟು ದಿನಾ ನಾ ಡಬ್ಬಿಯಾಗ ಹಂಚಿದ್ದು ಏನು?"

ಚನ್ನಬಸವ್ವ ಅವನಿಗೆ ಒಂದು ತಾಟು ಬಡಿಸಿದಳು.

ಯಂಕವ್ವನ ಕೆಲಸ ಉಳಿಯಿತು. ಡಬ್ಬಿ ನಿಂತಿತು. ಮತ್ತೆ ತನ್ನ ಅಂದಾಜಿನಲ್ಲೇ ಖಾರ ಹಾಕತೊಡಗಿದ ಚನ್ನಬಸವ್ವನ ಕೈ ಹದಕ್ಕೆ ಬರಲು ಆರು ತಿಂಗಳು ಹಿಡಿಯಿತು. ಏಕನಾಥ ಮಾತ್ರ ತನ್ನ ಯೋಜನೆ ಬಿಡಲಿಲ್ಲ. ಯಾರ ಕೈಗೂ ಕಟ್ಟುಬೀಳದ ತಿನಿಸು ಬೇಕೆಂದು ಎಂಬತ್ತೈದರಲ್ಲಿ ಕೋಥರೂಡದ ಅಂಗಡಿಯಲ್ಲಿ ರೊಟ್ಟಿ ತೆಗೆದು ಪಾವ್‌ಭಾಜಿ, ನೂಡಲ್ಸ್ ತಂದ. ಅದು ಓಡಿತು. ಅದೇ ಬೋರ್ಡಿನಲ್ಲಿ ಪುಣೆಯಲ್ಲಿ ಇನ್ನೂ ಐದು ಅಂಗಡಿಗಳಾದವು. ಯೆರವಡಾ ಚನ್ನಬಸವ್ವನದ್ದೆಂದೂ, ಕಾತ್ರಜ ಯಂಕವ್ವನದ್ದೆಂದೂ ಬಿಟ್ಟುಕೊಟ್ಟ. ಹೆಸರು ಎಲ್ಲರಿಗೂ ಉಳಿಯಿತು.

ಎಂಬತ್ತೇಳರಲ್ಲಿ ಒಂದು ದಿನ ಯೆರವಡಾಕ್ಕೆ ಬಂದ ಹೊಸ ಗಿರಾಕಿಯೊಬ್ಬರು, ಬ್ಯಾಂಕಿನವರು, ಉಂಡು ಎದ್ದು, ಬಾಗಿಲ ಮೇಲಿನ ಹೆಸರು ಓದಿ ಅವಳತ್ತ ತಿರುಗಿದರು. "ಅಡಗಿ ಚಲೋ ಅದರಿ. ಆದ್ರ ಆ ಪಾವ್‌ಭಾಜಿಯವರ ಹೆಸರು ಹಿಂಗ ಇಟ್ಕೊಂಡ್ರ ಅವರು ಸುಮ್ಮನ ಬಿಡ್ತಾರೇನ್ರಿ?"

ಚನ್ನಬಸವ್ವ ಅವರನ್ನೂ ಬೋರ್ಡನ್ನೂ ನೋಡಿದಳು.

"ಇನ್ನತನಾ ಏನೂ ಅಂದಿಲ್ರಿ" ಎಂದಳು. ಅವರು ಹೋದ ಮೇಲೆ, ತಾನು ಹೇಳಿದ್ದು ಸರಿಯಾಯಿತೇ ಎಂದು ಕಲ್ಲವ್ವನನ್ನು ಕೇಳಿದಳು. ಕಲ್ಲವ್ವ ಹಂಚಿನ ಮೇಲಿನ ರೊಟ್ಟಿ ಮಗುಚುತ್ತ, "ನನಗೇನು ಕೇಳ್ತಿ?" ಎಂದಳು.